ಸಮಾನ ಅವಸರ

ಕನ್ನಡದಲ್ಲಿ ‘ಅವಸರ’ ಎಂದರೆ ಗಡಿಬಿಡಿ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಚ್ಚಿಟ್ಟೂ ಪ್ರಯೋಜನವಿಲ್ಲ, ಭಾಂಡುಪ್‌ನಲ್ಲಿ ಕನ್ನಡ ಓದಲು ಬರುವವರಿಗೆಲ್ಲ ಈ ಸಂಗತಿ ಗೊತ್ತು. ಓದಲು ಬಾರದವರಿಗೆ ಬರುವವರು ಓದಿ ಹೇಳಿದ್ದಾರೆ.

ಆದದ್ದು ಇಷ್ಟು. ನಮ್ಮ ಕನ್ನಡ ಸಂಘದ ಹಾಲ್‌ಗೆ ವೀಲ್‌ಚೇರ್ ಹತ್ತುವಂಥ ಒಂದು ರ‍್ಯಾಂಪ್ ಬೇಕೆಂದು ನಮ್ಮ ಓಣಿಯ ಅಕ್ಕ ವರ್ಷಗಟ್ಟಲೆಯಿಂದ ಕೇಳುತ್ತಿದ್ದರು. ಸಂಘದ ಮಹಾಸಭೆಯ ದಿನ ಹಾಲ್‌ನ ಮುಂದೆ ಕಟ್ಟಲು ಬ್ಯಾನರ್ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. “ಈಕ್ವಲ್ ಆಪರ್ಚುನಿಟಿ ಅಂತ ಉಂಟಲ್ಲ, ಅದನ್ನು ಕನ್ನಡದಲ್ಲಿ ಬರೆಸು. ದೊಡ್ಡ ಅಕ್ಷರ ಇರಲಿ, ಅಧ್ಯಕ್ಷರಿಗೆ ಕನ್ನಡಕ ಹಾಕ್ಲಿಕ್ಕೆ ಉದಾಸೀನ” ಎಂದಿದ್ದರು ಅಕ್ಕ.

ಈ ಮಾತಿಗೆ ಹಿಂದಿಯಲ್ಲಿ ‘ಸಮಾನ್ ಅವಸರ್’ ಎನ್ನುತ್ತಾರೆ. ಸರಕಾರಿ ಆಫೀಸುಗಳ ಗೋಡೆಗಳ ಮೇಲೆ ಎಷ್ಟೋ ಸಲ ಓದಿದ್ದೆ. ಹಿಂದಿ ಶಬ್ದದ ಕೊನೆಯ ಅಕ್ಷರವನ್ನು ಸ್ವಲ್ಪ ಸಡಿಲ ಬಿಟ್ಟರೆ ಅದು ಕನ್ನಡವಾಗುತ್ತದೆ ಎಂಬುದು ಆಗಿನ ನನ್ನ ವ್ಯಾಕರಣ. ದೇಶ್ ದೇಶವಾಗುತ್ತದೆ, ಸಮಾಜ್ ಸಮಾಜವಾಗುತ್ತದೆ. ಅದೇ ಲೆಕ್ಕದಲ್ಲಿ ಅವಸರ್ ಅವಸರವಾಯಿತು. ಹಳದಿ ಫ್ಲೆಕ್ಸ್ ಮೇಲೆ, ಅಧ್ಯಕ್ಷರು ಕನ್ನಡಕವಿಲ್ಲದೆ ಎದುರಿನ ಬಿಲ್ಡಿಂಗ್‌ನಿಂದಲೂ ಓದಬಹುದಾದಷ್ಟು ದೊಡ್ಡ ಕೆಂಪು ಅಕ್ಷರಗಳಲ್ಲಿ, ‘ಅಂಗವಿಕಲರಿಗೂ ಸಮಾನ ಅವಸರ ಬೇಕು’ ಎಂದು ಬರೆಸಿ, ಹಾಲ್‌ನ ಬಾಗಿಲ ಮೇಲೆ ನಾನೇ ಏಣಿ ಹತ್ತಿ ಕಟ್ಟಿದೆ. ಕಟ್ಟಿ, ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು, ಅದರ ಮುಂದೆ ಸೆಲ್ಫಿಯನ್ನೂ ತೆಗೆದುಕೊಂಡೆ. ಆ ಸೆಲ್ಫಿ ಈಗಲೂ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗಾದರೂ ಬೇಸರವಾದಾಗ ಮತ್ತೆ ಬರುತ್ತದೆ.

ನನ್ನ ಪರವಾಗಿ ಒಂದು ಮಾತು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಕ್ರಿಕೆಟ್ಟಿನಲ್ಲಿ ಹಿಂದಿ, ಇಂಟರ್‌ವ್ಯೂಗಳಲ್ಲಿ ಫೇಲಾಗಲು ಬೇಕಾದಷ್ಟು ಇಂಗ್ಲಿಷು. ಕನ್ನಡ ಎಂಬುದು ನಮ್ಮ ಮನೆಗೆ ಮದುವೆಯ ಆಮಂತ್ರಣ ಪತ್ರಿಕೆಯ ರೂಪದಲ್ಲಿ ಮಾತ್ರ ಬರುತ್ತಿತ್ತು. ಅಮ್ಮ ಅಕ್ಷರ ಕಲಿಸಿದ್ದರಿಂದ ಓದಲು ಬರುತ್ತಿತ್ತು. ಅರ್ಥವಾಗುವುದು ಬೇರೆ ಡಿಪಾರ್ಟ್‌ಮೆಂಟು.

ಅಕ್ಕನ ಬಗ್ಗೆ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಅವರು ಉಡುಪಿ ಕಡೆಯವರು. ಪೋಲಿಯೊ ಬಂದು ಚಿಕ್ಕಂದಿನಲ್ಲೇ ಎರಡೂ ಕಾಲು ಕೈಕೊಟ್ಟಿದ್ದವು. ಈ ಮಾತು ಅವರದ್ದೇ, ನನ್ನ ಜೋಕಲ್ಲ. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರವೂ ಬೆಳಗ್ಗೆ ಸ್ನಾನ, ತಿಂಡಿ ಮುಗಿಸಿ ಫೋನ್ ಮುಂದೆ ಕೂತುಬಿಡುತ್ತಿದ್ದರು. ವ್ಯತ್ಯಾಸವೆಂದರೆ ಮೊದಲು ಬೇರೆಯವರ ಕಾಲ್ ಜೋಡಿಸುತ್ತಿದ್ದರು, ಈಗ ತಾವೇ ಮಾಡುತ್ತಿದ್ದರು: ಯಾರದೋ ಅಂಗವಿಕಲ ಸರ್ಟಿಫಿಕೇಟು, ಯಾರದೋ ಮಗಳಿಗೆ ಶ್ರವಣಯಂತ್ರ, ಯಾವುದೋ ಬ್ಯಾಂಕಿನ ಎಟಿಎಂ ಮುಂದಿನ ಎತ್ತರದ ಕಟ್ಟೆ. ಅವರ ದನಿ ಕೇಳಿದ ಕೂಡಲೇ ವಾರ್ಡ್ ಆಫೀಸಿನ ಸಾಹೇಬರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರಂತೆ. ಯಾಕೆ ನಿಂತೆವು ಎಂದು ಆಮೇಲೆ ಯೋಚಿಸುತ್ತಿದ್ದರಂತೆ.

ಓಣಿಯ ಮರಾಠಿ ಜನ ಅವರನ್ನು ‘ತಾಯಿ’ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಊರಿಂದ ಹೊಸದಾಗಿ ಬಂದ ಕನ್ನಡದವರು ಇದನ್ನು ಕೇಳಿ ಗಾಬರಿಯಾಗುತ್ತಿದ್ದರು. ಒಬ್ಬರು ನನ್ನನ್ನೇ ಮೆಲ್ಲಗೆ ಕೇಳಿದ್ದರು, “ಪಾಪ, ಮದುವೆ ಇಲ್ಲ ಅಂತ ಕೇಳಿದ್ದೆ, ಇಷ್ಟು ಮಕ್ಕಳಾ?”

ಅಕ್ಕ ಜಗಳವಾಡುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದರು. ಅದೇ ಅವರ ಹೋರಾಟದ ಪದ್ಧತಿ. ದಾರಿಗೆ ಏನಾದರೂ ಅಡ್ಡ ಇದ್ದರೆ ವೀಲ್‌ಚೇರನ್ನು ಸರಿಯಾಗಿ ಅದರ ಮುಂದೆ ನಿಲ್ಲಿಸಿ, ಹತ್ತಿರದ ಚಹಾ ಟಪರಿಯಿಂದ ಒಂದು ಕಟಿಂಗ್ ತರಿಸಿಕೊಂಡು, ಅರ್ಧ ಲೋಟದ ಆ ಚಹಾವನ್ನು ಮಧ್ಯಾಹ್ನದವರೆಗೆ ಕುಡಿಯುತ್ತಿದ್ದರು. ಹಿಂದೆ ರಿಕ್ಷಾಗಳು ನಿಲ್ಲುತ್ತಿದ್ದವು, ತರಕಾರಿ ಗಾಡಿಗಳು ನಿಲ್ಲುತ್ತಿದ್ದವು, ಜನ ಸೇರುತ್ತಿದ್ದರು. ಯಾರಾದರೂ “ತಾಯಿ, ಜರಾ ಸೈಡ್” ಎಂದರೆ, “ಸೈಡ್ ಎಲ್ಲುಂಟು, ತೋರಿಸಿ, ಹೋಗ್ತೇನೆ” ಎನ್ನುತ್ತಿದ್ದರು. ಸೈಡ್ ಹುಡುಕಲು ಹೋದ ಜನ ಕೊನೆಗೆ ಆ ಅಡ್ಡವನ್ನೇ ಎತ್ತಿ ಬದಿಗಿಡುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದೂ ಹಾಗೆಯೇ. ಅಪ್ಪ ಮ್ಯಾನೇಜರ್ ಆಗಿದ್ದ ಹೋಟೆಲಿನ ಮುಂದೆ, ಫುಟ್‌ಪಾತ್ ಮೇಲೆ, ಆ ದಿನ ಇದ್ದ ಅಡ್ಡ ನನ್ನ ಬೈಕು. ಒಳಗೆ ಕೂತು ನಾನು ಪುಕ್ಕಟೆ ವಡೆ ತಿನ್ನುತ್ತಿದ್ದೆ. ಹೊರಗೆ ಗದ್ದಲ ಕೇಳಿ, ಯಾರಿಗೋ ಆ್ಯಕ್ಸಿಡೆಂಟ್ ಆಗಿದೆ ಎಂಬ ಆಸೆಯಿಂದ ಓಡಿ ಬಂದೆ.

“ಯಾರದ್ದು ಈ ಬೈಕು?” ಎಂದರು ಅಕ್ಕ, ಕಟಿಂಗ್ ಹೀರುತ್ತಾ.

“ಆಂಟಿ, ಮೇರಾ ನಹೀ ಹೈ” ಎಂದೆ. ಕೈಯಲ್ಲಿ ಕೀಲಿ ಆಡಿಸುತ್ತಾ.

ಅಕ್ಕ ಕೀಲಿಯನ್ನು ನೋಡಿದರು, ನನ್ನ ಬಾಯಿಗೆ ಮೆತ್ತಿದ್ದ ಚಟ್ನಿಯನ್ನು ನೋಡಿದರು. “ಒಳ್ಳೇದಾಯ್ತು ಮಾರಾಯ. ನಂಗೊಬ್ಬ ಬೈಕ್ ಇರುವ ಹುಡುಗ ಬೇಕಿತ್ತು, ಕೆಲಸ ಇಲ್ಲದವ.”

“ಅಕ್ಕ, ಕೆಲಸ ಹುಡುಕ್ತಾ ಇದ್ದಾನೆ” ಎಂದರು ಗಲ್ಲಾದಲ್ಲಿದ್ದ ಅಪ್ಪ, ಮಾನ ಉಳಿಸಿಕೊಳ್ಳಲು.

“ಸಿಕ್ಕಿತಲ್ಲ” ಎಂದರು ಅಕ್ಕ.

ಅಂದಿನಿಂದ ಅರ್ಜಿ ಕೊಡುವುದು, ಔಷಧಿ ತರುವುದು, ಬೈಕುಲ್ಲಾದ ವರ್ಕ್‌ಶಾಪಿನಿಂದ ರಿಪೇರಿಯಾದ ವೀಲ್‌ಚೇರನ್ನು ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ಹೊತ್ತು ತರುವುದು, ಎಲ್ಲ ನನ್ನದಾಯಿತು. ಮಡಚುವ ವೀಲ್‌ಚೇರನ್ನು ನಾನು ಮಡಚದೆ ತಂದದ್ದು ಬೇರೆ ವಿಷಯ. ಅದು ಮಡಚುತ್ತದೆ ಎಂದು ಯಾರೂ ಹೇಳಿರಲಿಲ್ಲ. ಲಗೇಜ್ ಡಬ್ಬದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸರು ನನ್ನನ್ನು ಅದರಲ್ಲಿ ಕೂರಿಸಿ, ತಮ್ಮ ಬುಟ್ಟಿಯೊಂದನ್ನು ನನ್ನ ತೊಡೆಯ ಮೇಲಿಟ್ಟು, ಆರಾಮಾಗಿ ಬಂದರು.

ಇನ್ನು ರ‍್ಯಾಂಪಿನ ವಿಷಯ. ಇಷ್ಟು ವರ್ಷ ತಣ್ಣಗಿದ್ದ ಬೇಡಿಕೆಗೆ ಆ ವರ್ಷ ಬಿಸಿ ಹತ್ತಿದ್ದು ಗೌಂಡಿ ಕಾಕಾನಿಂದ. ಕಾಕಾ ಬಾಗಲಕೋಟೆ ಕಡೆಯವರು, ಕಲ್ಲು ಸಿಮೆಂಟಿನ ಕೆಲಸ. ಒಂದು ಟವರಿನ ಕೆಲಸದಲ್ಲಿ, ಗೋಡೆ ಕಟ್ಟಲು ನಿಲ್ಲಿಸುವ ಬಿದಿರಿನ ಪರಾಂಚಿ ಮುರಿದು ಕೆಳಗೆ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಆಮೇಲೆ ಅವರನ್ನು ಮನೆಯಿಂದ ಹೊರಗೆ ಎಳೆದು ತಂದು, ವೀಲ್‌ಚೇರ್ ಕೊಡಿಸಿ, ಅದನ್ನು ತಳ್ಳಿಕೊಂಡು ಮಾರ್ಕೆಟ್ಟಿಗೆ ಹೋಗುವಂತೆ ಮಾಡಿದ್ದು ಅಕ್ಕ. ಅವರ ಮಗಳ ಮದುವೆ ನಿಶ್ಚಯವಾಗಿತ್ತು, ನಮ್ಮ ಸಂಘದ ಹಾಲ್‌ನಲ್ಲಿ. ಸುತ್ತಮುತ್ತಲಿನ ಬೇರೆ ಹಾಲ್‌ಗಳೆಲ್ಲ ಮೊದಲ ಮಹಡಿಯ ಮೇಲಿದ್ದವು. ನಮ್ಮದು ನೆಲಮಟ್ಟದ್ದಲ್ಲ, ಮಹಡಿಯೂ ಅಲ್ಲ. ಮಳೆಗಾಲದಲ್ಲಿ ನೀರು ನುಗ್ಗದಿರಲಿ ಎಂದು ಎತ್ತರದ ಕಟ್ಟೆಯ ಮೇಲೆ ಕಟ್ಟಿದ್ದು. ಕಟ್ಟೆಗೆ ಕಡಿದಾದ ಮೆಟ್ಟಿಲು. ತಮಾಷೆ ಎಂದರೆ ಆ ಮೆಟ್ಟಿಲುಗಳನ್ನು ಕಟ್ಟಿದವರು ಕಾಕಾನೇ, ಕಾಲು ಗಟ್ಟಿಯಿದ್ದ ಕಾಲದಲ್ಲಿ. ನಾವು ಮೆಟ್ಟಿಲನ್ನು ಬೈದರೆ ಅವರಿಗೆ ಸಿಟ್ಟು ಬರುತ್ತಿತ್ತು.

“ಪಾವಟಗಿಗೆ ಯಾಕ ಬೈತೀ ತಮ್ಮಾ? ಎಷ್ಟ ಗಟ್ಟಿ ಅದಾವ ನೋಡು. ಒಂದರ ಅಲಗಾಡತೈತೇನು?”

ಮದುವೆಗೆ ಬಾಡಿಗೆ ಕೇಳಲು ಹೋದಾಗ ಸಂಘದವರು ಸಲೀಸಾಗಿ ಹೇಳಿದ್ದರು, “ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತಿ ಮೇಲಿಟ್ಟುಬಿಡ್ತಾರೆ, ಅದಕ್ಕೆಂತ ದೊಡ್ಡ ಸಂಗತಿ?”

ಅದನ್ನು ಕೇಳಿ ಬಂದ ದಿನ ಕಾಕಾ ಅಕ್ಕನ ಮನೆಯ ಮುಂದೆ ಬಂದು ಗಾಲಿ ನಿಲ್ಲಿಸಿದರು. ಆಮೇಲೆ, “ನಾಕ ಮಂದಿ ಯಾವಾಗ ಎತ್ತತಾರ ಅಕ್ಕಾರ? ಮಗಳ ಲಗ್ನದಾಗ ನಾ ಹಂಗ ಬರಂಗಿಲ್ಲ. ಹುಡುಗಿನ್ನ ಬಿಟ್ಟು ಮಂದಿ ಎಲ್ಲಾ ನನ್ನ ನೋಡತದ. ನಾ ಮನ್ಯಾಗಽ ಇರತೀನಿ. ಫೋನಿನಾಗ ಲೈವ್ ತೋರಸ್ರಿ, ಅಕ್ಷತಿ ಅಲ್ಲಿಂದಽ ಹಾಕತೀನಿ” ಎಂದರು.

ನಾನು ಅಲ್ಲೇ ಇದ್ದೆ. ಒಂದು ಜೋಕು ನಾಲಗೆಯ ತುದಿಗೆ ಬಂದಿತ್ತು. ಅಕ್ಕ ನನ್ನ ಕಡೆ ನೋಡಿದರು, ನುಂಗಿದೆ. ಕಾಕಾನ ಮಗಳು ಅಪ್ಪ ಬಾರದಿದ್ದರೆ ಮಂಟಪದಲ್ಲಿ ಕೂರುವುದೇ ಇಲ್ಲವೆಂದು ಹಟ ಹಿಡಿದಿದ್ದಳು. ಗಂಡಿನ ಕಡೆಯವರಿಗೆ ಇನ್ನೂ ಗೊತ್ತಿರಲಿಲ್ಲ. ಮದುವೆಗೆ ಮುನ್ನ ಬರುವ ಮಹಾಸಭೆಯಲ್ಲಿ ರ‍್ಯಾಂಪ್ ಮಂಜೂರಾಗಬೇಕು. ಇಲ್ಲದಿದ್ದರೆ ಕಾಕಾ ತಾನು ಕಟ್ಟಿದ ಮೆಟ್ಟಿಲಿನಿಂದಾಗಿ ಮಗಳ ಮದುವೆಯನ್ನು ಮೊಬೈಲಿನಲ್ಲಿ ನೋಡಬೇಕು. ಈಗ ಅರ್ಥವಾಗಿರಬೇಕು, ಆ ಬ್ಯಾನರು ಎಷ್ಟು ಮುಖ್ಯವಾಗಿತ್ತು, ಮತ್ತು ಅದನ್ನು ನನ್ನಂಥವನ ಕೈಗೆ ಕೊಟ್ಟದ್ದು ಎಷ್ಟು ದೊಡ್ಡ ಧೈರ್ಯ.

ಮಹಾಸಭೆಯ ಬೆಳಗ್ಗೆ ಅಕ್ಕ ಮೆಟ್ಟಿಲಿನ ಬುಡದಲ್ಲಿ ವೀಲ್‌ಚೇರ್ ನಿಲ್ಲಿಸಿ ಕಟಿಂಗ್ ಹಿಡಿದು ಕೂತಿದ್ದರು. ಪಕ್ಕದಲ್ಲಿ ಕಾಕಾ. ಇನ್ನೊಂದು ಪಕ್ಕದಲ್ಲಿ, ತಗಡಿನ ನೆರಳಿನಡಿ, ಅಧ್ಯಕ್ಷರ ಬಿಳಿ ಕಾರು. ಅಧ್ಯಕ್ಷರೆಂದರೆ ಹೋಟೆಲಿನ ಧಣಿ. ಅಂದರೆ ನನ್ನ ಅಪ್ಪನಿಗೂ ಧಣಿ. ಅವರ ಕಾರಿನ ಜಾಗದಲ್ಲಿ ಭಾಂಡುಪ್‌ನ ನಾಯಿಗಳೂ ಮಲಗುತ್ತಿರಲಿಲ್ಲ.

ಸದಸ್ಯರು ಒಬ್ಬೊಬ್ಬರೇ ಬಂದರು, ತಲೆ ಎತ್ತಿ ಬ್ಯಾನರ್ ಓದಿದರು, ನಿಂತರು. ಒಬ್ಬರು ನಕ್ಕರು. ಇನ್ನೊಬ್ಬರು ಅವರ ಭುಜ ಹಿಡಿದುಕೊಂಡು ನಕ್ಕರು. ನಾನು ಇದು ಮೆಚ್ಚುಗೆಯ ನಗು ಎಂದು ತಿಳಿದು, ಕೈಮುಗಿದು, “ಮೈನೇ ಲಿಖಾ, ನಾನೇ ಬರೆದದ್ದು” ಎಂದು ಎಲ್ಲರಿಗೂ ಹೇಳುತ್ತಾ ತಿರುಗಿದೆ. ಒಳಗೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಇಷ್ಟು ಒಳ್ಳೆಯ ಮನರಂಜನೆ ಮಹಾಸಭೆಯ ಒಳಗೆ ಯಾವ ವರ್ಷವೂ ಇರಲಿಲ್ಲ.

ಕೊನೆಗೆ ಮಾಸ್ತರರು ಬಂದರು. ಹೋಟೆಲ್ ಹುಡುಗರಿಗೆ ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಹಿರಿಯರು. ಬ್ಯಾನರಿನ ಎದುರು ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು. “ಇದನ್ನು ಬರೆದವರು ಯಾರು?”

“ನಾನು ಸರ್.”

“ಅವಸರ ಅಂದ್ರೆ ಎಂತ ಗೊತ್ತುಂಟಾ?”

“ಚಾನ್ಸ್ ಸರ್.”

“ಅವಸರ ಅಂದ್ರೆ ಗಡಿಬಿಡಿ. ಅಂಗವಿಕಲರಿಗೂ ಎಲ್ಲರಷ್ಟೇ ಗಡಿಬಿಡಿ ಬೇಕು ಅಂತ ಬರೆದಿದ್ದಿ ನೀನು.”

ಮುಗಿದಿದ್ದ ಕೈಯನ್ನು ಕೆಳಗಿಳಿಸಿದೆ. ಆದರೂ ಬುದ್ಧಿ ಬಿಡಲಿಲ್ಲ. ಹಿಂದಿ ಕೈಕೊಟ್ಟರೆ ಮರಾಠಿ ಇದೆಯಲ್ಲ, ಅವಕಾಶಕ್ಕೆ ಮರಾಠಿಯಲ್ಲಿ ಸಂಧಿ. “ಸರ್, ಒಂದೇ ನಿಮಿಷ. ಪೇಂಟ್ ತಂದು ‘ಸಮಾನ ಸಂಧಿ’ ಅಂತ ಮಾಡಿಬಿಡ್ತೇನೆ.”

“ಸಂಧಿ ಅಂದ್ರೆ ಕೀಲು. ಇಲ್ಲಿ ಬಂದ ಅರ್ಧ ಜನಕ್ಕೆ ಅದೇ ನೋವು. ಅವರಿಗೂ ಬೇಕು ಅಂತೀಯಾ?”

ಆಗ ಬಂದರು ಅಧ್ಯಕ್ಷರು. ಮೆಟ್ಟಿಲ ಬುಡದಲ್ಲಿ ಅಕ್ಕ, ಅಕ್ಕನ ಸುತ್ತ ಇಡೀ ಸಂಘ, ಎಲ್ಲರ ಕೈಯಲ್ಲೂ ಚಹಾ, ಎಲ್ಲರ ಕಣ್ಣಲ್ಲೂ ನಕ್ಕ ನೀರು. ಹಾಲ್ ಖಾಲಿ. ಸಭೆ ನಡೆಸಬೇಕಾದರೆ ಅಲ್ಲೇ ಬಿಸಿಲಲ್ಲಿ ನಿಂತು ನಡೆಸಬೇಕಿತ್ತು.

“ಎಂತ ಇದು? ಒಳಗೆ ಬನ್ನಿ ಎಲ್ಲ” ಎಂದರು.

“ನಾವು ಒಳಗೆ ಹೇಗೆ ಬರುವುದು ಧಣಿ, ಅದೇ ವಿಷಯ ಮಾತಾಡ್ಲಿಕ್ಕೆ ಇದ್ದದ್ದು” ಎಂದರು ಅಕ್ಕ.

“ಅಕ್ಕ, ರ‍್ಯಾಂಪ್ ಬೇಡ ಅಂತ ನಾನು ಯಾವಾಗ ಹೇಳಿದ್ದೇನೆ? ನೋಡುವ.”

‘ನೋಡುವ’ ಎಂದರೆ ನಮ್ಮ ಸಂಘದಲ್ಲಿ ಇಲ್ಲ ಎಂದರ್ಥ. ಇಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ಕರಾವಳಿಯವರು ಈ ಶಬ್ದ ಇಟ್ಟುಕೊಂಡಿದ್ದಾರೆ. ಕಾಕಾ ತಲೆ ತಗ್ಗಿಸಿದರು. ನಾನು ಮಾಸ್ತರರ ಹಿಂದೆ ಅಡಗಿ, ಬ್ಯಾನರಿನ ಹಗ್ಗವನ್ನು ಮೆಲ್ಲಗೆ ಬಿಚ್ಚುವ ಉಪಾಯ ಹುಡುಕುತ್ತಿದ್ದೆ.

“ಮುಟ್ಟಬೇಡ ಅದನ್ನು” ಎಂದರು ಅಕ್ಕ, ನನ್ನ ಕಡೆ ತಿರುಗದೆಯೇ. ಆಮೇಲೆ ಮಾಸ್ತರರಿಗೆ, “ಮಾಸ್ತ್ರೇ, ಹುಡುಗ ಬರೆದದ್ದರಲ್ಲಿ ತಪ್ಪು ಎಂತ? ಧಣಿ ಎಷ್ಟೋ ವರ್ಷದಿಂದ ನೋಡ್ತಾ ಇದ್ದಾರೆ. ಅವರಿಗೆ ಅವಸರ ಇಲ್ಲ. ಇವರ ಮಗಳ ಮದುವೆ ಇದೇ ತಿಂಗಳು, ಇವರಿಗೆ ಉಂಟು. ಸ್ವಲ್ಪ ಸಮಾನ ಮಾಡುವ ಅಂತ ಅಲ್ವಾ ಹೇಳಿದ್ದು?”

ಮತ್ತೆ ನಗು. ಈ ಸಲ ನನ್ನ ಮೇಲಲ್ಲ. ಮಾಸ್ತರರು ಬ್ಯಾನರನ್ನು ಇನ್ನೊಮ್ಮೆ ನೋಡಿ, “ವ್ಯಾಕರಣ ಸರಿ ಉಂಟು. ಅರ್ಥವೂ ಒಂದು ರೀತಿಯಲ್ಲಿ ಕೂಡ್ತದೆ” ಎಂದು ಒಪ್ಪಿಗೆ ಕೊಟ್ಟರು. ಅವರು ನನಗೆ ಕೊಟ್ಟ ಪಾಸ್ ಮಾರ್ಕು ಅದೊಂದೇ. ಅಧ್ಯಕ್ಷರು ಸುತ್ತ ನೋಡಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು, ಬಿಸಿಲೂ ಏರುತ್ತಿತ್ತು. “ಆಯ್ತು, ಮದುವೆಗೆ ಮರದ ರ‍್ಯಾಂಪ್ ಹಾಕಿಸಿ. ಕಾರಿನ ಜಾಗ ಮಾತ್ರ ಮುಟ್ಟುವ ಹಾಗಿಲ್ಲ” ಎಂದರು.

ಕಾರಿನ ಜಾಗ ಬಿಟ್ಟರೆ ಉಳಿದದ್ದು ಎಷ್ಟು ಎಂಬುದನ್ನು ಆಗ ಯಾರೂ ಯೋಚಿಸಲಿಲ್ಲ. ರ‍್ಯಾಂಪ್ ಮಾಡಿಸುವ ಕೆಲಸವೂ ನನಗೇ ಬಂದದ್ದರಿಂದ ನಾನೂ ಯೋಚಿಸಲಿಲ್ಲ. ಮಂಟಪ ಕಟ್ಟುವವನ ಹತ್ತಿರ ಹಲಗೆಗಳನ್ನು ಜೋಡಿಸಿ ಮಾಡಿಸಿಕೊಂಡು ಬಂದೆ. ಮೇಲಿನ ತುದಿ ಹಾಲ್‌ನ ಬಾಗಿಲಿಗೆ, ಕೆಳಗಿನ ತುದಿ ಕಾರಿನ ಹತ್ತಿರಕ್ಕೆ. ಅಕ್ಕ ನೋಡಿದರು.

“ಇದು ರ‍್ಯಾಂಪಾ, ಜಾರುಬಂಡಿಯಾ?”

“ಸ್ವಲ್ಪ ಸ್ಟೀಪ್ ಇದೆ ಅಕ್ಕ, ಬಟ್ ಚಲೇಗಾ. ಫುಲ್ ಮಜಬೂತ್.”

“ಹಾಗಾದ್ರೆ ನೀನೇ ಕೂತು ನೋಡು.”

ನಾನು ಕಾಕಾನ ವೀಲ್‌ಚೇರಿನಲ್ಲಿ ಕೂತೆ. ಕಾಕಾ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಇಬ್ಬರು ಗೆಳೆಯರು ಉಸಿರುಗಟ್ಟಿ ನನ್ನನ್ನು ಮೇಲಕ್ಕೆ ತಳ್ಳಿದರು. ಬಾಗಿಲ ತನಕ ತಲುಪಿದಾಗ ನನಗೆ ಚುನಾವಣೆ ಗೆದ್ದಷ್ಟು ಖುಷಿಯಾಯಿತು. ಗೆದ್ದವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ರಸ್ತೆಯ ಕಡೆ ಮುಖ ತಿರುಗಿಸಿಕೊಂಡು, ಗಾಲಿಗಳಿಂದ ಎರಡೂ ಕೈ ಎತ್ತಿ, ಜನತೆಗೆ ನಮಸ್ಕಾರ ಮಾಡಿದೆ. ಅದನ್ನು ನೋಡಿ ಗೆಳೆಯರಿಬ್ಬರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಲು ಅವರೂ ಕೈ ಬಿಡಬೇಕಾಯಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಹೇಳುವವರು ಹೇಳುತ್ತಾರೆ, ನಾನು ನಮಸ್ಕಾರದ ಕೈಯನ್ನು ಕೊನೆಯವರೆಗೂ ಬಿಡಲಿಲ್ಲವಂತೆ, ಅದು ನಮಸ್ಕಾರವೋ ಪ್ರಾರ್ಥನೆಯೋ ತಿಳಿಯುತ್ತಿರಲಿಲ್ಲವಂತೆ. ನಿಂತದ್ದು ಧಣಿಯ ಕಾರಿನ ಬಾಗಿಲಿಗೆ ಬಡಿದು. ವೀಲ್‌ಚೇರಿನ ಪಾದದ ಪಟ್ಟಿಗಳು ಅಚ್ಚೊತ್ತಿದಂತೆ ಆ ಬಿಳಿ ಬಾಗಿಲಿನ ಮೇಲೆ ಮೂಡಿದ್ದವು, ಮನೆ ಬಾಗಿಲಲ್ಲಿ ಬರೆಯುವ ಲಕ್ಷ್ಮಿಯ ಪಾದಗಳ ಹಾಗೆ.

ಸದ್ದಿಗೆ ಧಣಿ ಹಾಲ್‌ನಿಂದ ಹೊರಗೆ ಬಂದರು. ಸ್ವಲ್ಪ ಹೊತ್ತು ಬಾಗಿಲನ್ನು ನೋಡಿದರು, ಸ್ವಲ್ಪ ಹೊತ್ತು ನನ್ನನ್ನು.

“ನಿಂಗೆ ಪೆಟ್ಟಾಯ್ತಾ?”

“ಇಲ್ಲ ಧಣಿ.”

“ಕಾರಿಗಾಯ್ತು” ಎಂದರು. ಅಕ್ಕನ ಕಡೆ ತಿರುಗಿ, “ಮದುವೆಯ ದಿನ ಇವ ಇಲ್ಲೇ ಇರ್ತಾನಾ ಅಕ್ಕ?”

“ಇಡೀ ದಿನ ಇರ್ತಾನೆ. ಬಾಗಿಲಿನ ಉಸ್ತುವಾರಿ ಅವನದ್ದೇ.”

ಧಣಿ ಕೀಲಿ ತೆಗೆದು ಕಾರನ್ನು ಹಿಂದೆ ಸರಿಸಿ ಒಯ್ದು ತಮ್ಮ ಹೋಟೆಲಿನ ಹಿಂದೆ ನಿಲ್ಲಿಸಿದರು. ಆ ಜಾಗಕ್ಕೆ ಅದು ಮತ್ತೆ ಬರಲಿಲ್ಲ. ಹಲಗೆಗಳು ಉದ್ದವಾದವು, ಕಾಕಾ ತಾವೇ ಕೂತು ಹೇಳಿ ಹೇಳಿ ಇಳಿಜಾರನ್ನು ಮೆತ್ತಗೆ ಮಾಡಿಸಿದರು, ನಡುವೆ ಒಂದು ತಿರುವೂ ಬಂತು. ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ವಡೆಯೂ ಬಂದ್.

ರ‍್ಯಾಂಪ್ ಆದ ಮೇಲೂ ಕಾಕಾ ಬರುತ್ತೇನೆಂದು ಹೇಳಿರಲಿಲ್ಲ. “ನೋಡೂಣು” ಎಂದಷ್ಟೇ ಹೇಳುತ್ತಿದ್ದರು. ಅವರ ಕಡೆ ಆ ಶಬ್ದಕ್ಕೆ ಏನರ್ಥವೋ ನನಗೆ ತಿಳಿಯದು. ಮದುವೆಯ ಬೆಳಗ್ಗೆ ಅಕ್ಕ ಬೇಗನೆ ಬಂದು ನನಗೆ ಕೆಲಸ ಹೇಳಿದರು. “ಅವರು ಬರುವಾಗ ನೀನು ಮುಂದೆ ಮುಂದೆ ಇರಬೇಕು. ಅವರ ಕಡೆ ಮುಖ ಮಾಡಿ ಹಿಂದೆ ಹಿಂದೆ ನಡಿ. ದಾರಿ ಬಿಡಿಸು. ದನಿ ಜೋರಾಗಿರಲಿ.”

“ಹಿಂದೆ ನಡೆದ್ರೆ ಕಾಣೋದಿಲ್ಲ ಅಕ್ಕ.”

“ನಿನಗೆಂತಕ್ಕೆ ಕಾಣಬೇಕು? ಅವರಿಗೆ ಕಂಡರಾಯ್ತು.”

ಮುಹೂರ್ತಕ್ಕೆ ಸ್ವಲ್ಪವೇ ಹೊತ್ತಿತ್ತು. ಮಂಟಪದಲ್ಲಿ ಹುಡುಗಿ ಕೂತಿದ್ದಳು, ಕಣ್ಣು ಮಾತ್ರ ಬಾಗಿಲ ಕಡೆ. ಗಂಡಿನ ಕಡೆಯವರು ಅಪ್ಪ ಎಲ್ಲಿ, ಅಪ್ಪ ಎಲ್ಲಿ ಎನ್ನಲು ಶುರುಮಾಡಿದ್ದರು. ಆಗ ಓಣಿಯ ತುದಿಯಲ್ಲಿ ಕಾಕಾ ಕಂಡರು. ಹೊಸ ಧೋತರ, ತಲೆಗೆ ಹಳದಿ ಪಟಗಾ, ತಾವೇ ಗಾಲಿ ತಿರುಗಿಸುತ್ತಾ. ರ‍್ಯಾಂಪಿನ ಬುಡಕ್ಕೆ ಬಂದು ನಿಂತರು. ಬಾಗಿಲ ತುಂಬ ನೆರೆದಿದ್ದ ಜನ ಎಲ್ಲ ತಿರುಗಿ ಅವರನ್ನೇ ನೋಡಿದರು. ಕಾಕಾನ ಕೈ ಗಾಲಿಯ ಮೇಲೆಯೇ ನಿಂತಿತು. ಹಿಂದಕ್ಕೆ ತಿರುಗಿಸುತ್ತಾರೆ ಎಂದು ನನಗ್ಯಾಕೋ ಅನಿಸಿತು.

ನಾನು ಹೋಗಿ ಮುಂದೆ ನಿಂತೆ. ಹಿಂದೆ ಹಿಂದೆ ನಡೆಯುತ್ತ ಯಾರಿಗಾದರೂ ದಾರಿ ತೋರಿಸುವ ಒಂದೇ ಒಂದು ಭಾಷೆ ನನಗೆ ಗೊತ್ತಿದ್ದದ್ದು, ಗಲ್ಲಿಯಲ್ಲಿ ಟೆಂಪೊ ಪಾರ್ಕ್ ಮಾಡಿಸುವ ಭಾಷೆ. ಎರಡೂ ಕೈ ಬೀಸುತ್ತಾ, “ಆನೇ ದೋ, ಆನೇ ದೋ, ಆನೇ ದೋ, ಲೆಫ್ಟ್ ಕಾಟೋ, ಬಸ್, ಸೀದಾ ಆನೇ ದೋ” ಎಂದು ಗಂಟಲು ಹರಿಯುವಂತೆ ಕೂಗಿದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತಿದ್ದ ಹುಡುಗಿಯರು ಕಿಸಕ್ಕೆಂದರು. ಅದರಿಂದ ಹುರುಪು ಬಂದು ನಾನು ಸೀಟಿಯನ್ನೂ ಹೊಡೆದೆ. ಕಾಕಾನ ಮುಖದಲ್ಲಿ ಸಣ್ಣ ನಗು ಕಂಡಿತು, ಗಾಲಿ ಮುಂದೆ ಉರುಳಿತು, ತಿರುವು ದಾಟಿತು.

ಬಾಗಿಲ ಹೊಸಿಲಿನ ವಿಷಯ ನನಗೆ ಯಾರೂ ನೆನಪಿಸಲಿಲ್ಲ. ಹಿಮ್ಮಡಿ ಸಿಕ್ಕಿಕೊಂಡಿತು. ಹಿಡಿದುಕೊಳ್ಳಲು ಕೈಚಾಚಿದಾಗ ಸಿಕ್ಕಿದ್ದು ಥರ್ಮಾಕೋಲಿನ ಸ್ವಾಗತ ಕಮಾನು. ಅದು ನನ್ನ ಜೊತೆಯೇ ಬಂತು. ಅದರ ಜೊತೆ ಝಗಮಗ ದೀಪದ ಸರ, ದೀಪದ ಸರದ ಜೊತೆ ಪನ್ನೀರಿನ ತಟ್ಟೆ, ಕೊನೆಗೆ ಬ್ಯಾಂಡಿನವರ ದೊಡ್ಡ ಡೋಲು. ನಾನು ಕೂತದ್ದು ಡೋಲಿನ ಮೇಲೆ, ನಂತರ ಡೋಲಿನ ಒಳಗೆ. ಎದೆಯ ಮೇಲೆ ‘ಸುಸ್ವಾಗತ’ದಲ್ಲಿ ಉಳಿದಿದ್ದ ‘ಸು’ ಮಾತ್ರ. ಇನ್ನೂರು ಜನ, ಇನ್ನೂರು ಮೊಬೈಲು ನನ್ನ ಕಡೆ ತಿರುಗಿದವು. ಭಟ್ಟರು ಮಂತ್ರ ನಿಲ್ಲಿಸಿ ಬಗ್ಗಿ ನೋಡಿದರು.

ನನ್ನನ್ನು ಡೋಲಿನಿಂದ ಹೊರಗೆಳೆಯುವ ಹೊತ್ತಿಗೆ ಕಾಕಾ ಮಂಟಪದ ಪಕ್ಕದಲ್ಲಿದ್ದರು. ಯಾವಾಗ ದಾಟಿ ಹೋದರೋ ಯಾರೂ ನೋಡಿರಲಿಲ್ಲ. ಮಗಳು ಅವರ ಕೈ ಹಿಡಿದು ಕೂತಿದ್ದಳು. ಅಕ್ಕ ಬಾಗಿಲ ಹತ್ತಿರ ತಮ್ಮ ವೀಲ್‌ಚೇರಿನಲ್ಲಿ, ಆ ಹಾಲ್‌ನ ಒಳಗೆ ಮೊದಲ ಸಲ, ಚಹಾ ಕುಡಿಯುತ್ತಿದ್ದರು.

ಆ ಮರದ ಹಲಗೆಗಳ ಜಾಗದಲ್ಲಿ ಈಗ ಸಿಮೆಂಟಿನ ರ‍್ಯಾಂಪ್ ಇದೆ. ಅಕ್ಕ ಇಲ್ಲ. ಕಳೆದ ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವರು, ಅಲ್ಲಿಂದಲೂ ಫೋನ್ ಮಾಡಿ ಆಸ್ಪತ್ರೆಯ ಬಾತ್‌ರೂಮಿನ ಬಾಗಿಲು ಚಿಕ್ಕದಾಯಿತೆಂದು ನನ್ನಿಂದ ದೂರು ಬರೆಸಿದವರು, ವಾಪಸು ಬರಲಿಲ್ಲ. ಸಂಘದವರು ಹಾಲ್‌ನಲ್ಲಿ ಸಂತಾಪ ಸಭೆ ಇಟ್ಟರು. ಮರಾಠಿಯವರಿಗೂ ತಿಳಿಯಲಿ ಎಂದು ಆ ಮೆಸೇಜನ್ನು ನಾನು ಹಾಗೆಯೇ ಮರಾಠಿ ಅಕ್ಷರಕ್ಕೆ ಇಳಿಸಿ ಎಲ್ಲ ಗ್ರೂಪಿಗೂ ಕಳಿಸಿದೆ. ಮರಾಠಿಯಲ್ಲಿ ಸಂತಾಪ ಎಂದರೆ ವಿಪರೀತ ಸಿಟ್ಟು. ವಿಕ್ರೋಳಿಯಿಂದ ಅಕ್ಕನ ಸ್ನೇಹಿತರು ವೀಲ್‌ಚೇರುಗಳಲ್ಲಿ, ಊರುಗೋಲುಗಳಲ್ಲಿ, ಬಿಳಿ ಕೋಲುಗಳಲ್ಲಿ, ಕೈಯಲ್ಲಿ ಫಲಕ ಹಿಡಿದು ಬಂದರು. “ತಾಯಿಯ ಸಿಟ್ಟಿನ ಸಭೆ ಎಂದೆಯಲ್ಲ, ಮೋರ್ಚಾ ಯಾವ ಆಫೀಸಿಗೆ?” ಎಂದು ಕೇಳಿದರು. ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಾ ನನ್ನನ್ನು ನೋಡಿದರು. ಅವರ ಕಣ್ಣು ಕೆಂಪಾಗಿತ್ತು, ಆದರೂ ಮೀಸೆಯ ಅಡಿಯಲ್ಲಿ ಏನೋ ಅಲುಗಿತು.

ಸಭೆ ಮುಗಿದ ಮೇಲೆ ಎಲ್ಲರಿಗೂ ಚಹಾ ಕೊಟ್ಟು, ಖಾಲಿ ಕುರ್ಚಿ ಜೋಡಿಸುತ್ತಿದ್ದೆ. ಕಾಕಾ ಪಕ್ಕಕ್ಕೆ ಬಂದು ಗಾಲಿ ನಿಲ್ಲಿಸಿದರು.

“ತಮ್ಮಾ, ಒಂದು ಮಾತು ನಿನಗ ಹೇಳಿದ್ದಿಲ್ಲ. ರ‍್ಯಾಂಪ್ ಆದ ಮ್ಯಾಲೂ ನಾ ಲಗ್ನಕ್ಕ ಬರೋದಿದ್ದಿಲ್ಲ. ಹಿಂದಿನ ದಿನಾ ಅಕ್ಕಾರಿಗೆ ಹಂಗಽ ಹೇಳಿದ್ದೆ.”

“ಯಾಕೆ ಕಾಕಾ?”

“ಮಂದಿ ನೋಡತದಲ್ಲೋ. ಪಾವಟಗಿ ಏರಿದ್ರೂ ನೋಡತದ, ರ‍್ಯಾಂಪ್ ಏರಿದ್ರೂ ನೋಡತದ. ಅದಕ್ಕ ಅಕ್ಕಾರು ಅಂದ್ರು, ನೀ ಸುಮ್ನ ಬಾ, ನಿನ್ನ ಯಾರೂ ನೋಡಂಗಿಲ್ಲ, ನಾ ವ್ಯವಸ್ಥಾ ಮಾಡೇನಿ. ಆ ಹುಡುಗನ್ನ ನಿನ್ನ ಮುಂದ ನಡಸತೀನಿ. ಅಂವ ಇದ್ದಲ್ಲಿ ಜನಾ ಬ್ಯಾರೆ ಯಾರನ್ನೂ ನೋಡಂಗಿಲ್ಲ.”

ನಾನು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟೆ.

“ನಾ ಕೇಳಿದೆ, ಬೀಳು ಅಂತ ಅವಗ ಹೇಳಿ ಇಟ್ಟೀರೇನ್ರಿ? ಅಕ್ಕಾರು ನಕ್ಕು ಅಂದ್ರು, ಹೇಳೋದು ಬ್ಯಾಡಾ, ತಾನಽ ಬೀಳತಾನ.”